ಪ್ರನಾಳದಿಂದ ಬಂದ ಆಜ್ಞೆ

ಕೋವಿಡ್ ಲಸಿಕೆಯ ಜೊತೆ ಮೈಯೊಳಗೆ ಚಿಪ್ ಸೇರಿಸುತ್ತಾರೆ ಎಂಬ ಗಾಳಿಮಾತು ವಾಟ್ಸಾಪಿನಲ್ಲಿ ಓಡಾಡಿದ್ದು ನೆನಪಿರಬೇಕು. ಅದರ ತಮ್ಮನಂಥ ಇನ್ನೊಂದು ಮಾತಿದೆ: ವಿಜ್ಞಾನಿಗಳು ಡಿಎನ್‌ಎಯಲ್ಲಿ ಕಂಪ್ಯೂಟರ್ ವೈರಸ್ ಅಡಗಿಸಿದ್ದಾರೆ, ಅದು ಮನುಷ್ಯರಿಗೂ ಅಂಟುತ್ತದೆ. ಮೊದಲರ್ಧದಲ್ಲಿ ಸತ್ಯವಿದೆ, ಎರಡನೆಯದು ಶುದ್ಧ ಸುಳ್ಳು. ಸುಳ್ಳಿನ ಗದ್ದಲದಲ್ಲಿ ನಿಜವಾದ ಅಪಾಯ ಯಾರ ಕಿವಿಗೂ ಬೀಳುವುದಿಲ್ಲವಲ್ಲ ಎಂಬುದೇ ನನ್ನ ಸಂಕಟ.

ನಡೆದದ್ದು ಇಷ್ಟು. 2017ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೀಟರ್ ನೇಯ್, ತಡಯೋಶಿ ಕೊಹ್ನೊ, ಲೂಯಿಸ್ ಸೀಜ್ ಮತ್ತು ಸಂಗಡಿಗರು 176 ಅಕ್ಷರಗಳ ಒಂದು ಡಿಎನ್‌ಎ ಎಳೆಯನ್ನು ರಚಿಸಿದರು. ಡಿಎನ್‌ಎಯ ನಾಲ್ಕು ಅಕ್ಷರಗಳನ್ನು ಕಂಪ್ಯೂಟರಿನ ಅಂಕೆಗಳಾಗಿ ಹೀಗೆ ಬರೆಯಬಹುದು: ಎ ಅಂದರೆ 00, ಸಿ ಅಂದರೆ 01, ಜಿ ಅಂದರೆ 10, ಟಿ ಅಂದರೆ 11. ನಾಲ್ಕು ಅಕ್ಷರ ಸೇರಿದರೆ ಎಂಟು ಅಂಕೆ, ಅಂದರೆ ಒಂದು ಬೈಟ್, 176 ಸೇರಿದರೆ 44 ಬೈಟ್. ಆ 44 ಬೈಟ್‌ಗಳಲ್ಲಿ ಕಂಪ್ಯೂಟರಿಗೆ ಒಂದು ಆಜ್ಞೆ ಇತ್ತು. ಎಳೆಯನ್ನು ನೂರು ಡಾಲರಿಗೂ ಕಡಿಮೆ ಬೆಲೆಗೆ ಕಂಪನಿಯೊಂದರಿಂದ ಮಾಡಿಸಿ ತರಿಸಿದರು. ಡಿಎನ್‌ಎ ಅಕ್ಷರಗಳನ್ನು ಓದುವ ಸೀಕ್ವೆನ್ಸರ್ ಯಂತ್ರ ಅದನ್ನು ಓದಿ ಫೈಲ್ ಮಾಡಿತು. ಆ ಫೈಲನ್ನು ಕುಗ್ಗಿಸಿಡುವ ಪ್ರೋಗ್ರಾಮ್ ಅದನ್ನು ತೆರೆದದ್ದೇ ತಡ, ಕಂಪ್ಯೂಟರ್ ಸಂಶೋಧಕರ ಕೈವಶವಾಯಿತು.

ಇಲ್ಲಿ ಕೊಂಚ ನಿಲ್ಲಬೇಕು, ಕಥೆಯ ಜೀವ ಇಲ್ಲಿದೆ. ಆ ಪ್ರೋಗ್ರಾಮ್ ಮೆಮೊರಿಯಲ್ಲಿ ಎತ್ತಿಟ್ಟ ಜಾಗ ಚಿಕ್ಕದು, ಬಂದ ಸಾಲು ಉದ್ದ. ಪಾವಿಗೆ ಸೇರಕ್ಕಿ ಸುರಿದರೆ ಚೆಲ್ಲುತ್ತದೆ. ಚೆಲ್ಲಿದ್ದು ನೆಲಕ್ಕೆ ಬಿದ್ದರೆ ಗುಡಿಸಿ ಎತ್ತಿಕೊಳ್ಳಬಹುದು. ಕಂಪ್ಯೂಟರಿನ ಮೆಮೊರಿಯಲ್ಲಿ ನೆಲವೇ ಇಲ್ಲ. ಪಾವಿನ ಪಕ್ಕ ಇನ್ನೊಂದು ಪಾತ್ರೆ, ಅದರ ಪಕ್ಕ ಮತ್ತೊಂದು. ಚೆಲ್ಲಿದ್ದೆಲ್ಲ ನೆರೆಯ ಪಾತ್ರೆಗೇ ಬೀಳಬೇಕು. ಆ ನೆರೆಯ ಪಾತ್ರೆಯಲ್ಲಿ ಏನಿರುತ್ತದೆ? ಹಳೆಯ ಕಚೇರಿಯ ಕೈಬರಹದ ರಿಜಿಸ್ಟರನ್ನು ನೆನೆಯಿರಿ. ಮೊದಲ ಕಾಲಂ ಹೆಸರಿಗೆ, ಪಕ್ಕದ್ದು ‘ಮುಂದೆ ನೋಡಬೇಕಾದ ಪುಟ’ಕ್ಕೆ. ಯಾರೋ ಬೇಕೆಂದೇ ಉದ್ದದ ಹೆಸರು ಬರೆಸಿ, ಅದರ ಬಾಲ ಪಕ್ಕದ ಕಾಲಮ್ಮಿಗೆ ಹರಿದು ಅಲ್ಲಿ ‘ಪುಟ 40’ ಎಂದು ಮೂಡುವಂತೆ ಮಾಡಿದ. ಗುಮಾಸ್ತ ಮರುಮಾತಿಲ್ಲದೆ 40ನೇ ಪುಟ ತೆಗೆದ. ಅಲ್ಲಿರುವುದೂ ಅದೇ ಮನುಷ್ಯನ ಬರಹ. ಇನ್ನೂ ಹತ್ತಿರದ ಹೋಲಿಕೆ ಬೇಕೆಂದರೆ, ತಾಳೆಗರಿ ಹಿಡಿದು ಹಾಡುತ್ತಿರುವ ಗಮಕಿ. ಪದ್ಯಗಳ ನಡುವೆ ಯಾವನೋ ಲಿಪಿಕಾರ ‘ಇಲ್ಲಿಗೆ ನಿಲ್ಲಿಸಿ ಭಂಡಾರದ ಬೀಗ ತೆಗೆ’ ಎಂದು ಸೇರಿಸಿದ್ದಾನೆ. ಮನುಷ್ಯನಾದ ಗಮಕಿ ಅದು ಪ್ರಕ್ಷಿಪ್ತವೆಂದು ಗುರುತಿಸಿ ಬಿಟ್ಟುಬಿಡುತ್ತಾನೆ. ಯಂತ್ರ ಎದ್ದು ಹೋಗಿ ಬೀಗ ತೆಗೆಯುತ್ತದೆ. ಹಾಡಬೇಕಾದ್ದು ಯಾವುದು, ಮಾಡಬೇಕಾದ್ದು ಯಾವುದು ಎಂಬ ಭೇದ ಅದರ ಮೆಮೊರಿಯಲ್ಲಿ ಇಲ್ಲ. 1945ರಲ್ಲಿ ಗಣಿತಜ್ಞ ಜಾನ್ ಫಾನ್ ನಾಯ್ಮನ್ ವಿವರಿಸಿದ ಕಂಪ್ಯೂಟರ್ ವಿನ್ಯಾಸದಲ್ಲೇ ಮಾಹಿತಿ ಮತ್ತು ಆಜ್ಞೆ ಒಂದೇ ಉಗ್ರಾಣದಲ್ಲಿದ್ದವು. ಇಂದಿನ ಯಂತ್ರಗಳೆಲ್ಲ ಬಹುಮಟ್ಟಿಗೆ ಅದರ ಸಂತತಿ.

ತಂತ್ರ ಹೊಸದಲ್ಲ. 1988ರ ನವೆಂಬರ್ 2ರಂದು ರಾಬರ್ಟ್ ಮಾರಿಸ್ ಎಂಬ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಬಿಟ್ಟ, ತಾನಾಗಿಯೇ ಹರಡುವ ಪ್ರೋಗ್ರಾಮ್ ಹುಳು ಆಗಿನ ಪುಟ್ಟ ಇಂಟರ್‌ನೆಟ್ಟಿನ ಸಾವಿರಾರು ಕಂಪ್ಯೂಟರುಗಳನ್ನು ಕೆಡವಿತ್ತು. ಅದು ನುಗ್ಗಿದ ದಾರಿಗಳಲ್ಲೊಂದು ಇದೇ ತುಂಬಿ ಚೆಲ್ಲುವ ದಾರಿ, 512 ಬೈಟಿನ ಒಂದು ಪಾತ್ರೆ. ಆಮೇಲೆ ವೆಬ್ ಸರ್ವರ್ ಬರೆಯುವವರು ಪೆಟ್ಟು ತಿಂದು ಬುದ್ಧಿ ಕಲಿತರು. ಜೀವವಿಜ್ಞಾನದ ಪ್ರೋಗ್ರಾಮ್ ಬರೆಯುವವರಿಗೆ ಆ ಪೆಟ್ಟು ಬಿದ್ದಿರಲಿಲ್ಲ. ಪ್ರನಾಳದಿಂದ ಬಂದದ್ದು ಪ್ರಕೃತಿಯ ಮಾತು, ಅದು ಮೋಸ ಮಾಡೀತೇ ಎಂಬ ನಂಬಿಕೆ. ಸಿಯಾಟಲ್ ತಂಡ ಬಳಕೆಯಲ್ಲಿರುವ ಇಂಥ ಹಲವು ಪ್ರೋಗ್ರಾಮುಗಳನ್ನು ತಪಾಸಣೆ ಮಾಡಿದಾಗ ಉದ್ದ ಅಳೆಯದೆ ನಕಲಿಸುವ ಹಳೆಯ ಅಪಾಯಕಾರಿ ಆಜ್ಞೆಗಳು ಧಾರಾಳವಾಗಿ ಸಿಕ್ಕವು.

ಹಾಗೆಂದು ಹೆದರಿ ಓಡಬೇಕಾಗಿಲ್ಲ. ಆ ಪ್ರಯೋಗದಲ್ಲಿ ಪ್ರೋಗ್ರಾಮಿನ ದೋಷವನ್ನು ಸಂಶೋಧಕರೇ ಸೇರಿಸಿದ್ದರು, ಕಂಪ್ಯೂಟರಿನ ಕಾವಲನ್ನೂ ತೆಗೆದಿಟ್ಟಿದ್ದರು. ಅಷ್ಟಾದರೂ ಗೆದ್ದದ್ದು ನೂರಕ್ಕೆ ಸುಮಾರು 37 ಸಲ. ಡಿಎನ್‌ಎ ಎಳೆಯನ್ನು ಯಂತ್ರ ಎರಡು ತುದಿಯಿಂದಲೂ ಓದುತ್ತದೆ, ತಿರುಗಾಮುರುಗಾ ಓದಿದಾಗ ಆಜ್ಞೆ ಕೆಟ್ಟುಹೋಗುತ್ತದೆ. ಒಂದೇ ಅಕ್ಷರ ಸಾಲುಗಟ್ಟಿದರೆ ಎಳೆಯನ್ನು ತಯಾರಿಸುವುದೇ ಕಷ್ಟ. ಇನ್ನು ಮನುಷ್ಯನಿಗೆ ಅಂಟುವ ಮಾತು: ನಮ್ಮ ಜೀವಕೋಶ ಓದುವುದು ಮೂರು ಮೂರು ಅಕ್ಷರಗಳಾಗಿ, ಒಂದೊಂದು ತ್ರಿವಳಿಗೆ ಪ್ರೋಟೀನಿನ ಒಂದು ಇಟ್ಟಿಗೆ, ಅಂದರೆ ಒಂದು ಅಮೈನೊ ಆಮ್ಲ. ಆ ಪ್ರೋಗ್ರಾಮ್ ಓದಿದ್ದು ನಾಲ್ಕು ನಾಲ್ಕಾಗಿ. ಕಂಪ್ಯೂಟರಿಗೆ ಅಪ್ಪಣೆಯಾದದ್ದು ಕೋಶಕ್ಕೆ ಅರ್ಥವಿಲ್ಲದ ತೊದಲು. ಒಂದು ಸೋಜಿಗ ಮಾತ್ರ ಉಳಿಯುತ್ತದೆ. ನಿಜವಾದ ವೈರಸ್ ಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮಿಗೆ ಮಾಡುವುದೂ ಇದನ್ನೇ. ತನ್ನ ಬರಹವನ್ನು ಮನೆಯವರ ಬರಹವೆಂದು ನಂಬಿಸಿ ಓದಿಸುತ್ತದೆ.

ನಿಜವಾದ ಚಿಂತೆ ಇದಕ್ಕಿಂತ ಸಪ್ಪೆಯಾದದ್ದು, ಅದಕ್ಕೇ ಸುದ್ದಿಯಾಗುವುದಿಲ್ಲ. ಸೀಕ್ವೆನ್ಸರ್ ಕೂಡ ನೆಟ್‌ವರ್ಕಿಗೆ ಜೋಡಿಸಿದ ಒಂದು ಕಂಪ್ಯೂಟರ್. 2023ರ ಏಪ್ರಿಲ್‌ನಲ್ಲಿ ಸೀಕ್ವೆನ್ಸರ್ ತಯಾರಿಸುವ ಇಲ್ಯುಮಿನಾ ಕಂಪನಿಯ ಹಲವು ಯಂತ್ರಗಳ ಸಾಫ್ಟ್‌ವೇರಿನಲ್ಲಿ ದೋಷವಿದೆಯೆಂದು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಎಚ್ಚರಿಸಿ, ಅದರ ತೀವ್ರತೆಗೆ ಹತ್ತಕ್ಕೆ ಹತ್ತು ಅಂಕ ಕೊಟ್ಟಿತು. ದೂರದಿಂದಲೇ ಯಂತ್ರದೊಳಗೆ ಕೈಯಾಡಿಸಿ ರೋಗಿಯ ಫಲಿತಾಂಶ ಬದಲಿಸುವ ಸಾಧ್ಯತೆ ಅಲ್ಲಿತ್ತು. ಅದೇ ವರ್ಷ, ಗ್ರಾಹಕರ ಡಿಎನ್‌ಎ ಪರೀಕ್ಷಿಸಿ ವಂಶದ ಮೂಲ ಹೇಳುವ 23ಆ್ಯಂಡ್‌ಮಿ ಕಂಪನಿಯ ಸುಮಾರು 14,000 ಖಾತೆಗಳಿಗೆ ಕಳ್ಳರು ನುಗ್ಗಿದರು. ಅದಕ್ಕೆ ಡಿಎನ್‌ಎ ಬೇಕಾಗಲಿಲ್ಲ, ಬೇರೆ ಕಡೆ ಕದ್ದ ಪಾಸ್‌ವರ್ಡುಗಳೇ ಸಾಕಾದವು. ಆದರೆ ಆ ತಾಣ ಬಂಧುಗಳನ್ನು ಹುಡುಕಿಕೊಡುತ್ತಿತ್ತಲ್ಲ, ಆ ಎಳೆ ಹಿಡಿದು ಹೋದವರಿಗೆ ಸಿಕ್ಕದ್ದು ಸುಮಾರು 69 ಲಕ್ಷ ಜನರ ವಿವರ. ಅವರಲ್ಲಿ ಬಹುಪಾಲಿನವರ ಪಾಸ್‌ವರ್ಡ್ ಕದ್ದಿರಲೇ ಇಲ್ಲ. ದೂರದ ದಾಯಾದಿಯೊಬ್ಬನ ಅಜಾಗ್ರತೆ ಅವರನ್ನು ಬಯಲಿಗೆ ತಂದಿತು.

ನಮ್ಮಲ್ಲೂ ಇಂಥ ಭಂಡಾರ ಬೆಳೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಮುಂದೆ ನಿಂತು ನಡೆಸಿದ ಜೀನೋಮ್ ಇಂಡಿಯಾ ಯೋಜನೆಯಲ್ಲಿ 10,000 ಭಾರತೀಯರ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎ, ಓದಲಾಗಿದೆ. ಮಾಹಿತಿ ಫರೀದಾಬಾದಿನ ಕೇಂದ್ರದಲ್ಲಿದ್ದು 2025ರ ಜನವರಿಯಿಂದ ಸಂಶೋಧಕರಿಗೆ ದೊರೆಯುವಂತಾಗಿದೆ. ಭಂಡಾರದ ಬಾಗಿಲು ಕಾಯುವುದು ಒಂದು ಕೆಲಸ. ಫೈಲ್ ಕೈಗೆ ಬಂದ ಮೇಲೆ ಅದನ್ನು ಓದುವ ನೂರಾರು ಸಣ್ಣ ಪ್ರೋಗ್ರಾಮುಗಳನ್ನು ಸಾಲುಸಾಲಾಗಿ ಜಾಲಾಡುವುದು ಇನ್ನೊಂದು. ಪಿಎಚ್‌ಡಿಯ ಅವಸರದಲ್ಲಿ ವಿದ್ಯಾರ್ಥಿಗಳು ಬರೆದು, ಕೆಲಸ ಸಿಕ್ಕಿ ಹೊರಟುಹೋದ ಮೇಲೂ ಬಳಕೆಯಲ್ಲಿ ಉಳಿಯುವ ಪ್ರೋಗ್ರಾಮುಗಳವು. ‘ಬಂದ ಸಾಲು ಪಾತ್ರೆಗಿಂತ ಉದ್ದವಿದ್ದರೆ ತಿರಸ್ಕರಿಸು’ ಎಂದು ಸೇರಿಸಲು ಅರ್ಧ ಗಂಟೆ ಸಾಕು. ಅದು ಎಲ್ಲೆಲ್ಲಿ ಇಲ್ಲವೆಂದು ಹುಡುಕಲು ತಿಂಗಳುಗಳು ಬೇಕು, ಕೂತು ಹುಡುಕುವವರಿಗೆ ಸಂಬಳವೂ ಬೇಕು. ಜೀನೋಮ್ ಸಂಶೋಧನೆಯ ಪ್ರತಿ ಅನುದಾನದ ಬಜೆಟ್ಟಿನಲ್ಲೂ ಆ ಸಂಬಳಕ್ಕೆ ಒಂದು ಕಾಲಂ ಇರಲಿ ಎಂಬುದು ನನ್ನ ಆಗ್ರಹ.