ಆರ್ಟ್ಸ್ ಓದಿದ ಹುಡುಗಿಗೆ ಮಿಲಿಟ್ರಿ ಸಿಗುತ್ತಾ?

ಪ್ರಶ್ನೆ: ಸರ್, ನಾನು ಸಿಂಧನೂರಿನವಳು. ಫಸ್ಟ್ ಪಿಯುಸಿ, ಆರ್ಟ್ಸ್. ಮಿಲಿಟ್ರಿ ಸೇರುವ ಆಸೆ. ಆರ್ಮಿ, ನೇವಿ, ಏರ್‌ಫೋರ್ಸ್‌ನಲ್ಲಿ ಹುಡುಗಿಯರಿಗೆ ಯಾವುದು ಒಳ್ಳೇದು? ಸೈನ್ಸ್ ಇಲ್ಲ ಅಂದ್ರೆ ಯಾವುದೂ ಸಿಗಲ್ಲ ಅಂತಾರೆ, ಹೌದಾ?

ಉತ್ತರ: ಇಲ್ಲಮ್ಮಾ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರದಿಂದಲೇ ಈ ಪ್ರಶ್ನೆ ಶುರುವಾಗುತ್ತದೆ. ರಾಯಚೂರು, ಕೊಪ್ಪಳ, ಬಳ್ಳಾರಿ, ಎಲ್ಲಾ ಕಡೆಯಿಂದ ಇದೇ ಮಾತು. ಹೋದ ವರ್ಷವೂ ಹೇಳಿದ್ದೆ, ಈಗಲೂ ಹೇಳುತ್ತೇನೆ.

ಹುಡುಗಿಯರಿಗೆ ಯಾವುದು ಒಳ್ಳೇದು ಅಂತ ಕೇಳಬೇಡಿ, ನನಗೆ ಯಾವ ಕೆಲಸ ಇಷ್ಟ ಅಂತ ಕೇಳಿಕೊಳ್ಳಿ. ವಿಮಾನ ಹಾರಿಸಬೇಕಾದರೆ ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಬೇಕೇ ಬೇಕು. ಆಸ್ಪತ್ರೆ ಕೆಲಸ ಇಷ್ಟವಾದರೆ ಮಿಲಿಟರಿ ನರ್ಸಿಂಗ್ ಸರ್ವಿಸ್ ಇದೆ, ಅದಕ್ಕೆ ಬಯಾಲಜಿ ಮತ್ತು ನೀಟ್ ಪರೀಕ್ಷೆ ಬೇಕು. ಆರ್ಮಿಯ ಫಿರಂಗಿ ಪಡೆಗೆ ಮಹಿಳಾ ಅಧಿಕಾರಿಗಳು 2023ರಲ್ಲಿ ಸೇರಿದರು. ಕಾಲಾಳು ಪಡೆ, ಟ್ಯಾಂಕ್ ಪಡೆ ಇನ್ನೂ ತೆರೆದಿಲ್ಲ.

ಈಗ ಆ ಸೈನ್ಸ್ ವಿಷಯ. ಪೈಲಟ್ ಆಗಲು, ಹಡಗಿನ ಎಂಜಿನಿಯರ್ ಆಗಲು ಬೇಕಾದ ಅರ್ಹತೆಯನ್ನು ಯಾರೋ ಇಡೀ ಸೇನೆಗೆ ಅಂಟಿಸಿಬಿಟ್ಟರು. ಅದನ್ನೇ ಮನೆಯವರು ನಂಬಿದರು, ಎಷ್ಟೋ ಮೇಷ್ಟ್ರುಗಳೂ ನಂಬಿದರು. ಎನ್‌ಡಿಎ ಅಂದರೆ ಪಿಯುಸಿ ಆದವರನ್ನು ಸೇನಾ ಅಧಿಕಾರಿಗಳಾಗಿ ತಯಾರು ಮಾಡುವ ಅಕಾಡೆಮಿ. ಅದರ ಆರ್ಮಿ ವಿಭಾಗಕ್ಕೆ ಪಿಯುಸಿಯಲ್ಲಿ ಯಾವ ವಿಷಯ ಓದಿದ್ದರೂ ಆಗುತ್ತದೆ. ಅಷ್ಟೇ ಅಲ್ಲ, ಎನ್‌ಡಿಎ ಒಳಗೇ ಬಿಎ ಇದೆ, ಡಿಗ್ರಿ ಕೊಡುವುದು ದೆಹಲಿಯ ಜೆಎನ್‌ಯು ವಿಶ್ವವಿದ್ಯಾಲಯ! 2025ರ ಮೇ ತಿಂಗಳಲ್ಲಿ ಎನ್‌ಡಿಎಯಿಂದ ಹೆಣ್ಣುಮಕ್ಕಳ ಮೊದಲ ತಂಡ ಹೊರಬಂತು, 17 ಜನ. ಆದರೆ ಅದಕ್ಕೆ ಸೇರಲು ಬರೆಯುವ ಪರೀಕ್ಷೆಯ 900 ಅಂಕದಲ್ಲಿ 300 ಮ್ಯಾಥ್ಸ್‌ಗೇ ಇದೆ. ಅದನ್ನು ನೀವೇ ಕೂತು ಓದಬೇಕು.

ಮ್ಯಾಥ್ಸ್ ಬೇಡವೇ ಬೇಡ ಅನ್ನುವವರು ಡಿಗ್ರಿ ಮುಗಿಸಿ ಸಿಡಿಎಸ್ ಅನ್ನುವ ಅಧಿಕಾರಿಗಳ ಆಯ್ಕೆ ಪರೀಕ್ಷೆ ಬರೆಯಿರಿ. ಅದರಲ್ಲಿ ಚೆನ್ನೈನ ಒಟಿಎಗೆ, ಅಂದರೆ ಆರ್ಮಿ ಅಧಿಕಾರಿಗಳ ತರಬೇತಿ ಅಕಾಡೆಮಿಗೆ, ಎರಡೇ ಪೇಪರ್: ಇಂಗ್ಲಿಷ್, ಸಾಮಾನ್ಯ ಜ್ಞಾನ. ಎನ್‌ಸಿಸಿ ‘ಸಿ’ ಸರ್ಟಿಫಿಕೇಟ್‌ನಲ್ಲಿ ಕನಿಷ್ಠ ‘ಬಿ’ ಗ್ರೇಡ್, ಡಿಗ್ರಿಯಲ್ಲಿ 50% ಇದ್ದರೆ ಆರ್ಮಿ ಅಧಿಕಾರಿಯಾಗಲು ಇರುವ ಎನ್‌ಸಿಸಿ ಸ್ಪೆಷಲ್ ಎಂಟ್ರಿಗೆ ಅರ್ಜಿ ಹಾಕಬಹುದು. ಅದಕ್ಕೆ ಲಿಖಿತ ಪರೀಕ್ಷೆಯೇ ಇಲ್ಲ. ಅರ್ಜಿ ನೋಡಿ ಆರಿಸಿದವರನ್ನು ನೇರ ಎಸ್‌ಎಸ್‌ಬಿಗೆ ಕರೆಯುತ್ತಾರೆ, ಅದು ಅಧಿಕಾರಿಗಳನ್ನು ಆರಿಸುವ ಐದು ದಿನದ ಸಂದರ್ಶನ. ಮಿಲಿಟರಿ ಪೊಲೀಸ್‌ನಲ್ಲಿ ಅಗ್ನಿವೀರ್, ಅಂದರೆ ನಾಲ್ಕು ವರ್ಷದ ಸೈನಿಕ, ಆಗಲು ಎಸ್ಸೆಸ್ಸೆಲ್ಸಿ ಸಾಕು. ಏರ್‌ಫೋರ್ಸ್‌ನಲ್ಲೂ ಅಕೌಂಟ್ಸ್ ವಿಭಾಗದ ಅಧಿಕಾರಿಯಾಗಲು ಬಿಕಾಂ ಓದಿದವರು ಎಎಫ್‌ಕ್ಯಾಟ್ ಅನ್ನುವ ಏರ್‌ಫೋರ್ಸ್ ಪರೀಕ್ಷೆ ಬರೆಯುತ್ತಾರೆ. ಹೇಳಿ, ಇದರಲ್ಲಿ ಯಾವುದಕ್ಕೆ ಸೈನ್ಸ್ ಬೇಕು?

ನನಗೆ ಸಿಟ್ಟು ಬರುವುದು ಇದರಿಂದ ಆಗುವ ನಷ್ಟ ನೋಡಿ. ಇತಿಹಾಸ ಅಂದರೆ ಕಣ್ಣರಳಿಸುವ ಹುಡುಗಿಯನ್ನು ‘ಮಿಲಿಟ್ರಿಗೆ ಬೇಕು’ ಅಂತ ಸುಮ್ನೆ ಸೈನ್ಸ್‌ಗೆ ಹಾಕುತ್ತಾರೆ. ಫಿಸಿಕ್ಸ್‌ನಲ್ಲಿ ಫೇಲಾಗುತ್ತಾಳೆ. ಆಮೇಲೆ ಮನೆಯಲ್ಲಿ ಗಂಡು ನೋಡುವ ಮಾತು ಶುರು. ಮದುವೆಯಾದರೆ ಎನ್‌ಡಿಎ, ಅಗ್ನಿವೀರ್ ಎರಡಕ್ಕೂ ಅರ್ಜಿ ಹಾಕುವ ಹಾಗಿಲ್ಲ. ನನ್ನ ಹತ್ತಿರ ಓದಿದ ಕುಷ್ಟಗಿ ಕಡೆಯ ಹುಡುಗಿಯೊಬ್ಬಳು ಬಿಎ ಓದುತ್ತಲೇ ಎನ್‌ಸಿಸಿ ‘ಸಿ’ ಪಾಸು ಮಾಡಿ ಎಸ್‌ಎಸ್‌ಬಿವರೆಗೆ ಹೋದಳು. ಅವಳ ಬಗ್ಗೆ ನನಗೆ ತುಂಬಾ ಹೆಮ್ಮೆ.

ಯಾರೂ ಕೇಳದ ಇನ್ನೊಂದು ವಿಷಯವಿದೆ: ರಕ್ತ. ಹುಡುಗಿಯರು ಬೆಳಗಿನ ಜಾವ ಕಾಲುವೆ ದಂಡೆ ಮೇಲೆ ಓಡುತ್ತಾರೆ, ಪುಸ್ತಕ ತಿರುವಿ ತಿರುವಿ ಓದುತ್ತಾರೆ, ಮೆಡಿಕಲ್ ಟೆಸ್ಟ್ ಇದೆ ಅನ್ನುವುದನ್ನೇ ಮರೆಯುತ್ತಾರೆ. ಅಗ್ನಿವೀರ್ ಓಟದಲ್ಲಿ 1.6 ಕಿ.ಮೀ.ಯನ್ನು ಎಂಟು ನಿಮಿಷದೊಳಗೆ ಮುಗಿಸಬೇಕು. ಮೈಯಲ್ಲಿ ರಕ್ತ ಕಡಿಮೆ ಇದ್ದರೆ ಅರ್ಧ ದಾರಿಗೇ ಉಸಿರು ಕಟ್ಟುತ್ತದೆ. ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರಲ್ಲ, ಅದು ಕಬ್ಬಿಣಾಂಶದ್ದೇ. ಎಷ್ಟೋ ಹುಡುಗಿಯರು ಅಂಗೈಯಲ್ಲೇ ಇಟ್ಟುಕೊಂಡು, ಟೀಚರ್ ಆ ಕಡೆ ತಿರುಗಿದ ಕೂಡಲೇ ಕಿಟಕಿಯಿಂದ ಆಚೆ ಎಸೆಯುತ್ತಾರೆ. ಎಸೆಯಬೇಡಿ. ತಾಲ್ಲೂಕು ಆಸ್ಪತ್ರೆಗೆ ಹೋಗಿ ಹಿಮೋಗ್ಲೋಬಿನ್ ನೋಡಿಸಿ. ಕಡಿಮೆ ಇದ್ದರೆ ಡಾಕ್ಟರ್ ಹೇಳಿದಷ್ಟು ದಿನ ಮಾತ್ರೆ ತಪ್ಪಿಸಬೇಡಿ. ಊಟ ಆದ ಕೂಡಲೇ ಚಹಾ ಬೇಡ, ತಿಂದ ಸೊಪ್ಪಿನ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ.