ಮೇಲೆ ಐಸ್, ಕೆಳಗೆ ಒಡೆದ ಹಾಲು: ಫ್ರಿಜ್‌ನ ಗ್ಯಾಸ್ ನಿಜವಾಗಿಯೂ ಹೋಗಿದೆಯಾ?

ಪ್ರಶ್ನೆ: ನಮ್ಮದು ಎರಡು ಬಾಗಿಲಿನ ಫ್ರಿಜ್. ಮೇಲೆ ಫ್ರೀಜರ್‌ನಲ್ಲಿ ಐಸ್ ಆಗುತ್ತದೆ. ಕೆಳಗೆ ಇಟ್ಟ ಹಾಲು ಮಾತ್ರ ಮರುದಿನಕ್ಕೆ ಒಡೆಯುತ್ತದೆ. ಮೆಕ್ಯಾನಿಕ್ ನೋಡಿ ಗ್ಯಾಸ್ ಹೋಗಿದೆ, ತುಂಬಿಸಬೇಕು ಎಂದರು. ಆದರೆ ಒಂದು ದಿನ ಬಂದ್ ಮಾಡಿಟ್ಟು ಮತ್ತೆ ಚಾಲು ಮಾಡಿದರೆ ಎಂಟು ದಿನ ಛಲೋ ನಡೆಯುತ್ತದೆ. ಆಮೇಲೆ ಮತ್ತೆ ಅದೇ ಹಾಡು. ಏನು ಮಾಡಬೇಕು?
(ಬೆಟಗೇರಿಯ ಓದುಗರು)

ಗ್ಯಾಸ್ ತುಂಬಿಸಲು ಈಗಲೇ ಒಪ್ಪಬೇಡಿ. ಸೋರಿ ಹೋದ ಗ್ಯಾಸ್ ಒಂದು ದಿನ ಸ್ವಿಚ್ ತೆಗೆದ ಮಾತ್ರಕ್ಕೆ ತಿರುಗಿ ಬರುವುದಿಲ್ಲ, ಅಲ್ವಾ? ಆ ಒಂದು ದಿನದಲ್ಲಿ ಕರಗಿದ್ದು ಒಳಗೆ ಕಟ್ಟಿಕೊಂಡಿದ್ದ ಐಸ್. ನಿಮ್ಮ ಫ್ರಿಜ್ ತಾನಾಗಿ ಡಿಫ್ರಾಸ್ಟ್ ಆಗುವುದನ್ನು ನಿಲ್ಲಿಸಿದೆ.

ಎರಡು ಬಾಗಿಲಿನ ಫ್ರಾಸ್ಟ್ ಫ್ರೀ ಫ್ರಿಜ್‌ನಲ್ಲಿ ತಂಪು ಹುಟ್ಟುವುದು ಒಂದೇ ಕಡೆ. ಫ್ರೀಜರ್‌ನ ಹಿಂಬದಿಯ ಪ್ಲಾಸ್ಟಿಕ್ ಪ್ಯಾನಲ್ ಬಿಚ್ಚಿದರೆ ಅಲ್ಲೊಂದು ಕಾಯಿಲ್, ಅಂದರೆ ಗ್ಯಾಸ್ ಹರಿಯುವ ಕೊಳವೆಯ ಸುರುಳಿ, ಇರುತ್ತದೆ. ಅದರ ಮೇಲೆ ಹಾಯುವ ಗಾಳಿಯನ್ನು ಒಂದು ಚಿಕ್ಕ ಫ್ಯಾನ್ ಕೆಳಗಿನ ಖಾನೆಗೂ ತಳ್ಳುತ್ತದೆ. ಗಾಳಿಯ ತೇವ ಕಾಯಿಲ್ ಮೇಲೆ ಹಿಮವಾಗಿ ಕೂರುತ್ತದೆ. ಇದು ಸಹಜ. ಅದನ್ನು ಕರಗಿಸಲು ಸಾಮಾನ್ಯವಾಗಿ 8ರಿಂದ 12 ಗಂಟೆಗೊಮ್ಮೆ ಕಂಪ್ರೆಸರ್ ನಿಂತು, ಕಾಯಿಲ್ ಕೆಳಗಿನ ಹೀಟರ್ 20–30 ನಿಮಿಷ ಉರಿಯುತ್ತದೆ. ಕರಗಿದ ನೀರು ನಳಿಕೆಯಲ್ಲಿ ಇಳಿದು ಕಂಪ್ರೆಸರ್ ಮೇಲಿನ ಟ್ರೇ ಸೇರಿ, ಅದರ ಬಿಸಿಗೆ ಆವಿಯಾಗುತ್ತದೆ.

ಹೀಟರ್ ಉರಿಯದಿದ್ದರೆ ಹಿಮ ಗಟ್ಟಿ ಐಸ್ ಆಗಿ ಕಾಯಿಲ್‌ನ ಸಂದುಗಳನ್ನೆಲ್ಲ ಮುಚ್ಚುತ್ತದೆ. ಗಾಳಿಗೆ ದಾರಿಯೇ ಇಲ್ಲ. ಫ್ರೀಜರ್ ಕಾಯಿಲ್ ಪಕ್ಕದಲ್ಲೇ ಇರುವುದರಿಂದ ಹೇಗೋ ತಂಪಾಗಿರುತ್ತದೆ, ಕೆಳಗಿನ ಖಾನೆ ಬೆಚ್ಚಗಾಗುತ್ತದೆ. ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ, ಹೆಸ್ಕಾಂ ಬಿಲ್ಲೂ ಏರುತ್ತದೆ. ಕೆಲವೊಮ್ಮೆ ಫ್ಯಾನಿನ ರೆಕ್ಕೆ ಐಸ್‌ಗೆ ತಾಗಿ ಕರಕರ ಸದ್ದು ಕೇಳಿಸುತ್ತದೆ.

ಮೆಕ್ಯಾನಿಕ್ ಪ್ಯಾನಲ್ ಬಿಚ್ಚಿದಾಗ, ಐಸ್ ಕರಗಿಸುವ ಮೊದಲು ನೀವೂ ಹೋಗಿ ನೋಡಿ. ಇಡೀ ಕಾಯಿಲ್ ಬೆಳ್ಳಗೆ ಐಸ್‌ನಲ್ಲಿ ಮುಳುಗಿದ್ದರೆ ದೋಷ ಡಿಫ್ರಾಸ್ಟ್‌ನದು. ಕಾಯಿಲ್‌ನ ಒಂದು ತುದಿಯ ಎರಡು-ಮೂರು ಸುತ್ತಿಗೆ ಮಾತ್ರ ಹಿಮ ಹಿಡಿದು ಉಳಿದದ್ದು ಬೋಳಾಗಿದ್ದರೆ ಗ್ಯಾಸ್ ಕಡಿಮೆಯಾದ ಅನುಮಾನಕ್ಕೆ ಅರ್ಥವಿದೆ. ಪ್ಯಾನಲ್ ಬಿಚ್ಚದೆ, ಹೊರಗಿನಿಂದ ಕೈಯಿಟ್ಟು ನೋಡಿ ‘ಗ್ಯಾಸ್’ ಎಂದವರ ಮಾತನ್ನು ನಾನಂತೂ ಒಪ್ಪುವುದಿಲ್ಲ.

ಹಾಗಾದರೆ ಕೆಟ್ಟಿದ್ದು ಯಾವುದು? ಹಳೆಯ ಮಾದರಿಗಳಲ್ಲಿ ನಾಲ್ಕು ಭಾಗಗಳನ್ನು ನೋಡಬೇಕು: ಟೈಮರ್, ಹೀಟರ್, ಬೈಮೆಟಲ್, ಫ್ಯೂಸ್. ಹೊತ್ತಿಗೆ ಸರಿಯಾಗಿ ಕಂಪ್ರೆಸರ್ ನಿಲ್ಲಿಸಿ ಹೀಟರ್ ಚಾಲು ಮಾಡುವ ಟೈಮರ್‌ನಿಂದ ಶುರು ಮಾಡುವುದು ಸುಲಭ. ಅದರ ಮೇಲೆ ತಿರುಗಿಸಲು ಒಂದು ಚಿಕ್ಕ ತಿರುಪು ಇರುತ್ತದೆ. ಮೆಕ್ಯಾನಿಕ್ ಅದನ್ನು ಸ್ಕ್ರೂಡ್ರೈವರ್‌ನಿಂದ ನಿಧಾನಕ್ಕೆ ತಿರುಗಿಸಿದರೆ ಒಂದು ಕಡೆ ‘ಟಕ್’ ಎಂದು ಕಂಪ್ರೆಸರ್ ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಹೀಟರ್ ಮೇಲೆ ಹನಿ ಬಿದ್ದು ಚುಂಯ್ ಎಂದರೆ ಹೀಟರ್ ಸರಿಯಿದೆ, ಟೈಮರ್ ತಾನಾಗಿ ತಿರುಗುತ್ತಿಲ್ಲ. ಟೈಮರ್ ಬದಲಿಸಿದರೆ ಮುಗಿಯಿತು.

ಹೀಟರ್ ಬಿಸಿಯಾಗದಿದ್ದರೆ ಪ್ಲಗ್ ಕಿತ್ತು ಮಲ್ಟಿಮೀಟರ್ ಹಿಡಿಯಬೇಕು. 230 ವೋಲ್ಟ್‌ನ 150 ವ್ಯಾಟ್ ಹೀಟರ್ ಆದರೆ ಸುಮಾರು 350 ಓಮ್ ತೋರಿಸಬೇಕು. ಮೀಟರ್ ಏನೂ ತೋರಿಸದಿದ್ದರೆ ಒಳಗಿನ ತಂತಿ ಕಡಿದಿದೆ.

ಬೈಮೆಟಲ್ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಇದು ಕಾಯಿಲ್‌ಗೆ ಕಚ್ಚಿಸಿದ ಬಿಲ್ಲೆಯಂಥ ಸ್ವಿಚ್. ತಂಪಿದ್ದಾಗ ಕೂಡಿಕೊಂಡು ಹೀಟರ್‌ಗೆ ಕರೆಂಟ್ ಬಿಡುತ್ತದೆ, ಕಾಯಿಲ್ ಬೆಚ್ಚಗಾದ ಕೂಡಲೇ ಬಿಟ್ಟುಕೊಳ್ಳುತ್ತದೆ. ಹೊರಗೆ ತೆಗೆದು ಮೇಜಿನ ಮೇಲಿಟ್ಟು ಪರೀಕ್ಷಿಸಿದರೆ ಅದು ಕರೆಂಟ್ ಹಾಯಿಸುವುದೇ ಇಲ್ಲ. ಅದು ದೋಷವಲ್ಲ, ಅದರ ಸ್ವಭಾವ. ಸರಿಯಾಗಿ ನಡೆಯುವ ಫ್ರೀಜರ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟು, ಸೊನ್ನೆ ಡಿಗ್ರಿಗಿಂತ ಚೆನ್ನಾಗಿ ಕೆಳಗೆ ತಂಪಾದ ಮೇಲೆ ಮೀಟರ್ ಹಿಡಿಯಬೇಕು. ಆಗಲೂ ಕೂಡದಿದ್ದರೆ ಮಾತ್ರ ಎಸೆಯಿರಿ. ಪಕ್ಕದ ಫ್ಯೂಸ್ ಹಾಗಲ್ಲ. ತಂಪಿರಲಿ, ಬೆಚ್ಚಗಿರಲಿ, ಅದು ಯಾವಾಗಲೂ ಕೂಡಿರಬೇಕು. ಅತಿ ಬಿಸಿಗೆ ಒಮ್ಮೆ ಹೋದರೆ ಹೋಯಿತು.

ಫ್ಯೂಸ್ ಹೋಗಿದೆ ಎಂದರೆ ‘ಯಾಕೆ ಹೋಯಿತು?’ ಎಂದು ಕೇಳಿ. ಬೈಮೆಟಲ್ ಬಿಟ್ಟುಕೊಳ್ಳದೆ ಅಂಟಿಕೊಂಡು ಹೀಟರ್ ಅತಿಯಾಗಿ ಕಾದಿರಬಹುದು. ಎರಡನ್ನೂ ಒಟ್ಟಿಗೆ ಬದಲಿಸುವುದು ಜಾಣತನ. ಎಷ್ಟೋ ಮಾದರಿಗಳಿಗೆ ಎರಡೂ ಸೇರಿದ ಜೋಡಿಯೇ ಸಿಗುತ್ತದೆ. ಫ್ಯೂಸ್ ಕಿತ್ತು ಅಲ್ಲಿ ಸುಮ್ನೆ ವೈರ್ ಜೋಡಿಸಿ ‘ನಡೀತದ ಬಿಡ್ರಿ’ ಎಂದರೆ ಒಪ್ಪಲೇಬೇಡಿ. ಸುತ್ತ ಇರುವುದೆಲ್ಲ ಪ್ಲಾಸ್ಟಿಕ್ ಮತ್ತು ಫೋಮ್. ಬೆಂಕಿ ಹತ್ತಿದರೆ ಯಾರು ಹೊಣೆ?

ಹೊಸ ಇನ್ವರ್ಟರ್ ಫ್ರಿಜ್‌ಗಳಲ್ಲಿ ತಿರುಗುವ ಟೈಮರ್ ಇರುವುದಿಲ್ಲ. ಆ ಕೆಲಸ ಎಲೆಕ್ಟ್ರಾನಿಕ್ ಬೋರ್ಡ್ ಮತ್ತು ಕಾಯಿಲ್ ಮೇಲಿನ ಸೆನ್ಸರ್ ಮಾಡುತ್ತವೆ. ಬೋರ್ಡ್ ದುಬಾರಿ, ಸೆನ್ಸರ್ ಅಗ್ಗ. ಮೊದಲು ಸೆನ್ಸರ್ ಪರೀಕ್ಷೆ ಆಗಲಿ.

ಮೆಕ್ಯಾನಿಕ್ ಬರುವುದು ತಡವಾದರೆ ಫ್ರಿಜ್ ಖಾಲಿ ಮಾಡಿ, ಪ್ಲಗ್ ತೆಗೆದು, ಎರಡೂ ಬಾಗಿಲು ತೆರೆದು 24 ಗಂಟೆ ಬಿಡಿ. ಎದುರಿಗೆ ಟೇಬಲ್ ಫ್ಯಾನ್ ಇಟ್ಟರೆ ಬೇಗ ಕರಗುತ್ತದೆ. ಕೆಳಗೆ ಹಳೆಯ ಚಾದರ ಹಾಸಿ, ನೀರು ಜಾಸ್ತಿಯೇ ಬರುತ್ತದೆ. ಚಾಕು, ಸ್ಕ್ರೂಡ್ರೈವರ್ ಹಾಕಿ ಐಸ್ ಕೆತ್ತಬೇಡಿ. ಒಂದೇ ಬಾಗಿಲಿನ ಫ್ರಿಜ್ ಇರುವವರಿಗೂ ಇದೇ ಮಾತು. ಅದರಲ್ಲಿ ಡಿಫ್ರಾಸ್ಟ್ ಬಟನ್ ನೀವೇ ಒತ್ತಬೇಕು. ಕಾಯಿಲ್ ಫ್ರೀಜರ್‌ನ ತೆಳ್ಳಗಿನ ಗೋಡೆಯಲ್ಲೇ ಇರುತ್ತದೆ. ಒಂದು ತೂತು ಬಿದ್ದರೆ ಆಗ ಗ್ಯಾಸ್ ನಿಜವಾಗಿಯೂ ಹೋಗುತ್ತದೆ. ಈಗಿನ ಹಲವು ಫ್ರಿಜ್‌ಗಳಲ್ಲಿರುವ ಆರ್600ಎ ಗ್ಯಾಸ್ ಬೆಂಕಿ ಹತ್ತುವಂಥದ್ದು. ಹಾಗಾಗಿ ಬಿಸಿಗಾಳಿಯ ಬ್ಲೋವರ್, ಮೇಣದಬತ್ತಿ ಯಾವುದೂ ಬೇಡ.

ಬಾಗಿಲಿನ ರಬ್ಬರನ್ನೂ ಒಮ್ಮೆ ನೋಡಿ. ನೋಟೊಂದನ್ನು ಬಾಗಿಲಿನ ಸಂದಿಗೆ ಸಿಕ್ಕಿಸಿ ಮುಚ್ಚಿ, ಎಳೆದು ನೋಡಿ. ಸಲೀಸಾಗಿ ಬಂದರೆ ಅಲ್ಲಿಂದ ಹೊರಗಿನ ತೇವ ಒಳಗೆ ಹೋಗುತ್ತಿದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ, ಅದರಲ್ಲೂ ಪಂಚಮಿಗೆ ಮನೆ ತುಂಬ ಮಂದಿ ಬಂದು ಬಾಗಿಲು ಹತ್ತತ್ತು ನಿಮಿಷಕ್ಕೆ ತೆರೆಯುವಾಗ, ಹಿಮ ಬೇಗ ಕೂರುತ್ತದೆ. ಹೀಟರ್ ಸರಿಯಿದ್ದರೂ ಅದಕ್ಕೆ ಸಾಕಾಗುವುದಿಲ್ಲ. ಬಿಸಿ ಸಾರನ್ನು ಮುಚ್ಚಳವಿಲ್ಲದೆ ಒಳಗಿಡುವವರ ಮನೆಯಲ್ಲಂತೂ ಕೇಳುವುದೇ ಬೇಡ.

ರಿಪೇರಿ ಮುಗಿದ ಮೇಲೆ ಪ್ಯಾನಲ್ ಮುಚ್ಚುವ ಮುನ್ನ ಕಾಯಿಲ್ ಕೆಳಗಿನ ನೀರಿನ ತೂತಿಗೆ ಒಂದು ಲೋಟ ಬೆಚ್ಚಗಿನ ನೀರು ಹಾಕಿಸಿ. ಅದು ಹಿಂದಿನ ಟ್ರೇಗೆ ಬಂದರೆ ಸರಿ. ಬರದಿದ್ದರೆ ನಳಿಕೆ ಕಟ್ಟಿದೆ. ಅದನ್ನೂ ಆಗಲೇ ಬಿಡಿಸಿಕೊಳ್ಳಿ, ಇಲ್ಲದಿದ್ದರೆ ಮುಂದಿನ ವಾರ ತರಕಾರಿ ಡಬ್ಬಿಯಲ್ಲಿ ನೀರು ನಿಲ್ಲುತ್ತದೆ.