ಪರಿಸರ ವಿಜ್ಞಾನಕ್ಕೆ ಪ್ರವೇಶ: ಸುತ್ತುವ ದ್ರವ್ಯ, ಹರಿದುಹೋಗುವ ಶಕ್ತಿ

ಪ್ರೌಢಶಾಲೆಯಲ್ಲಿ ಪರಿಸರ ವಿಜ್ಞಾನವನ್ನು ಹೊಸದಾಗಿ ಓದಲು ಕುಳಿತವರು ಬಹುಮಟ್ಟಿಗೆ ಮಾಲಿನ್ಯದ ಅಧ್ಯಾಯಕ್ಕೇ ಮೊದಲು ಕೈಹಾಕುತ್ತಾರೆ, ಏಕೆಂದರೆ ಅದು ಪರಿಚಿತ ವಿಷಯ. ಈ ಟಿಪ್ಪಣಿ ಬೇರೆ ಕಡೆಯಿಂದ ಹೊರಡುತ್ತದೆ. ಪರಿಸರ ವ್ಯವಸ್ಥೆಯಲ್ಲಿ ದ್ರವ್ಯವು ಮತ್ತೆ ಮತ್ತೆ ಸುತ್ತುತ್ತದೆ, ಶಕ್ತಿಯು ಒಂದೇ ದಿಕ್ಕಿನಲ್ಲಿ ಹರಿದು ಹೊರಹೋಗುತ್ತದೆ ಎಂಬ ಎರಡು ಸಂಗತಿಗಳು ಚೆನ್ನಾಗಿ ಮನದಟ್ಟಾದರೆ, ಮುಂದಿನ ಬಹುತೇಕ ಅಧ್ಯಾಯಗಳು ಅವುಗಳ ವಿಸ್ತರಣೆಯೇ ಆಗುತ್ತವೆ ಎಂಬುದು ನನ್ನ ದೃಢ ಅಭಿಪ್ರಾಯ.

ಪರಿಸರ ವ್ಯವಸ್ಥೆ ಎಂಬ ಪರಿಕಲ್ಪನೆಯನ್ನು ಬ್ರಿಟಿಷ್ ಸಸ್ಯವಿಜ್ಞಾನಿ ಆರ್ಥರ್ ಟ್ಯಾನ್ಸ್‌ಲಿ 1935ರಲ್ಲಿ ಮಂಡಿಸಿದರು. ಜೀವಿಗಳನ್ನೂ ಅವುಗಳ ಸುತ್ತಲಿನ ಮಣ್ಣು, ನೀರು, ಗಾಳಿ, ಬೆಳಕುಗಳನ್ನೂ ಕೂಡಿಸಿ ಒಂದೇ ವ್ಯವಸ್ಥೆಯಾಗಿ ನೋಡಬೇಕೆಂಬುದು ಅದರ ತಿರುಳು. ಆದ್ದರಿಂದ ಜೈವಿಕ, ಅಜೈವಿಕ ಘಟಕಗಳ ಪಟ್ಟಿಯನ್ನು ಬಾಯಿಪಾಠ ಮಾಡಿದರೆ ಸಾಲದು. ಅವುಗಳ ನಡುವೆ ಯಾವ ಕೊಡುಕೊಳ್ಳುವಿಕೆ ನಡೆಯುತ್ತಿದೆ ಎಂದು ಕೇಳಬೇಕು.

ಮೊದಲು ಶಕ್ತಿಯ ವಿಚಾರ. ಹಸಿರು ಸಸ್ಯಗಳು ದ್ಯುತಿಸಂಶ್ಲೇಷಣೆಯ ಮೂಲಕ ಸೂರ್ಯನ ಬೆಳಕನ್ನು ರಾಸಾಯನಿಕ ಶಕ್ತಿಯಾಗಿ ಹಿಡಿದಿಡುತ್ತವೆ. ಸಸ್ಯಾಹಾರಿಗಳು ಅವುಗಳಿಂದ, ಮಾಂಸಾಹಾರಿಗಳು ಸಸ್ಯಾಹಾರಿಗಳಿಂದ ಅದನ್ನು ಪಡೆಯುತ್ತವೆ. ಒಂದು ಪೋಷಣಾ ಸ್ತರದಿಂದ, ಅಂದರೆ ಆಹಾರ ಸರಪಳಿಯ ಒಂದು ಮೆಟ್ಟಿಲಿನಿಂದ, ಮುಂದಿನದಕ್ಕೆ ದಾಟುವ ಶಕ್ತಿ ಸರಿಸುಮಾರು ಶೇ 10ರಷ್ಟು ಮಾತ್ರ ಎಂಬ ನಿಯಮದ ಬೇರು, ರೇಮಂಡ್ ಲಿಂಡೆಮನ್ ಒಂದು ಸಣ್ಣ ಸರೋವರವನ್ನು ಅಭ್ಯಸಿಸಿ 1942ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿದೆ. ಸಸ್ಯಗಳಲ್ಲಿ 10,000 ಜೂಲ್ ಇದ್ದರೆ ಸಸ್ಯಾಹಾರಿಗಳಿಗೆ 1,000, ಅವನ್ನು ತಿನ್ನುವ ಪ್ರಾಣಿಗಳಿಗೆ 100, ಇನ್ನೂ ಮೇಲಿನವಕ್ಕೆ 10 ಜೂಲ್ ಸಿಗುತ್ತದೆ. ಇದು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಂಡ ಅಂದಾಜು. ನಿಜವಾದ ಪ್ರಮಾಣ ವ್ಯವಸ್ಥೆಯಿಂದ ವ್ಯವಸ್ಥೆಗೆ ಬದಲಾಗುತ್ತದೆ. ಉಳಿದ ಶಕ್ತಿ ಎಲ್ಲಿ ಹೋಯಿತು? ಒಂದಷ್ಟನ್ನು ಯಾರೂ ತಿನ್ನಲಿಲ್ಲ, ತಿಂದದ್ದರಲ್ಲಿ ಒಂದಷ್ಟು ಜೀರ್ಣವಾಗಲಿಲ್ಲ, ಜೀರ್ಣವಾದದ್ದರಲ್ಲಿ ದೊಡ್ಡ ಪಾಲು ಉಸಿರಾಟದಲ್ಲಿ ಬಳಕೆಯಾಗಿ ಉಷ್ಣವಾಯಿತು. ಪರೀಕ್ಷೆಯಲ್ಲಿ ‘ಶಕ್ತಿ ನಾಶವಾಯಿತು’ ಎಂದು ಬರೆಯಬಾರದು. ಶಕ್ತಿ ರೂಪ ಬದಲಿಸಿತು, ಆದರೆ ಆ ಉಷ್ಣವನ್ನು ಯಾವ ಸಸ್ಯವೂ ಮತ್ತೆ ಆಹಾರವಾಗಿಸಲಾರದು. ಆಹಾರ ಸರಪಳಿಗಳು ನಾಲ್ಕೈದು ಸ್ತರಗಳಿಗಿಂತ ಉದ್ದ ಬೆಳೆಯುವುದು ಅಪರೂಪವಾಗಿರಲು ಇದೊಂದು ಮುಖ್ಯ ಕಾರಣ.

ದ್ರವ್ಯದ ನಡೆ ಹೀಗಲ್ಲ. ಗಾಳಿಯ ಇಂಗಾಲ ಎಲೆಯಲ್ಲಿ ಸಕ್ಕರೆಯಾಗಿ, ಪ್ರಾಣಿಯ ದೇಹ ಸೇರಿ, ಉಸಿರಾಟ ಮತ್ತು ವಿಘಟಕರ (ಸತ್ತ ಜೀವಿಗಳನ್ನು ಕೊಳೆಯಿಸುವ ಬ್ಯಾಕ್ಟೀರಿಯಾ, ಶಿಲೀಂಧ್ರಗಳ) ಮೂಲಕ ಮತ್ತೆ ಗಾಳಿಗೆ ಮರಳುತ್ತದೆ. ಸಾರಜನಕದ ಚಕ್ರ ಇನ್ನೂ ಸೂಕ್ಷ್ಮವಾದದ್ದು. ವಾಯುವಿನಲ್ಲಿ ಅದು ಶೇ 78ರಷ್ಟಿದ್ದರೂ, ಅದರ ಅಣುವಿನ ಎರಡು ಪರಮಾಣುಗಳನ್ನು ಬಿಗಿಯಾಗಿ ಹಿಡಿದಿರುವ ತ್ರಿಬಂಧವನ್ನು ಒಡೆಯಲಾರದ ಸಸ್ಯಗಳು ಅದಕ್ಕಾಗಿ ಬ್ಯಾಕ್ಟೀರಿಯಾಗಳನ್ನು ಅವಲಂಬಿಸುತ್ತವೆ. ಸಾರಜನಕವುಳ್ಳ ರಸಗೊಬ್ಬರ ಹೆಚ್ಚಾಗಿ ಕೊಚ್ಚಿಹೋಗಿ ಕೆರೆ ಸೇರಿದಾಗ ಪಾಚಿ ವಿಪರೀತ ಬೆಳೆಯುತ್ತದೆ. ಸತ್ತ ಪಾಚಿಯನ್ನು ಕೊಳೆಯಿಸುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಬಿಡುತ್ತವೆ. ಮೀನುಗಳು ಮುಖ್ಯವಾಗಿ ಸಾಯುವುದು ಗೊಬ್ಬರದ ವಿಷದಿಂದಲ್ಲ, ಆಮ್ಲಜನಕದ ಕೊರತೆಯಿಂದ.

ಶಕ್ತಿ ಮತ್ತು ದ್ರವ್ಯದ ಪಾಠಗಳು ಒಟ್ಟಿಗೆ ಕೂಡುವ ಜಾಗ ಡಿಡಿಟಿ. ಈ ಕೀಟನಾಶಕ ಸುಲಭವಾಗಿ ವಿಘಟನೆಯಾಗುವುದಿಲ್ಲ. ಕೊಬ್ಬಿನಲ್ಲಿ ಕರಗುವುದರಿಂದ ದೇಹದಿಂದ ಬೇಗ ಹೊರಹೋಗುವುದೂ ಇಲ್ಲ. ಮೇಲಿನ ಸ್ತರದ ಪ್ರಾಣಿ ತನಗೆ ಬೇಕಾದಷ್ಟು ಶಕ್ತಿ ಪಡೆಯಲು ಕೆಳಗಿನ ಸ್ತರದ ಬಹಳಷ್ಟು ಜೀವಿಗಳನ್ನು ತಿನ್ನಬೇಕು. ತಿಂದ ಆಹಾರದ ಶಕ್ತಿ ಖರ್ಚಾಗಿ ಹೋಗುತ್ತದೆ, ಡಿಡಿಟಿ ಉಳಿದುಕೊಳ್ಳುತ್ತದೆ. ಹೀಗೆ ಶಕ್ತಿ ಇಳಿಯುತ್ತ ಹೋದಂತೆ ಡಿಡಿಟಿಯ ಸಾಂದ್ರತೆ ಏರುತ್ತ ಹೋಗುತ್ತದೆ. ಇದನ್ನೇ ಜೈವಿಕ ಸಂವರ್ಧನೆ ಎನ್ನುತ್ತಾರೆ. ಮೀನು ತಿನ್ನುವ ದೊಡ್ಡ ಹಕ್ಕಿಗಳ ಮೊಟ್ಟೆಯ ಚಿಪ್ಪು ತೆಳುವಾಗಿ ಮರಿಗಳ ಸಂಖ್ಯೆ ಕುಸಿಯಿತು. ಅಮೆರಿಕ 1972ರಲ್ಲಿ ಬೇಸಾಯದಲ್ಲಿ ಇದರ ಬಳಕೆಯನ್ನು ನಿಷೇಧಿಸಿತು. ಈ ಒಂದು ಉದಾಹರಣೆಯನ್ನು ಚಿತ್ರ ಬರೆದು ಅಭ್ಯಾಸ ಮಾಡಿದರೆ ಎರಡು ಅಧ್ಯಾಯಗಳ ಪುನರಾವರ್ತನೆಯಾಗುತ್ತದೆ.

ಗ್ರಾಫ್ ಓದುವುದನ್ನೂ ಆರಂಭದಲ್ಲೇ ರೂಢಿಸಿಕೊಳ್ಳಬೇಕು. ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಅಳೆಯತೊಡಗಿದಾಗ ವಾಯುವಿನ ಪ್ರತಿ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 315 ಇಂಗಾಲದ ಡೈಆಕ್ಸೈಡ್ ಅಣುಗಳಿದ್ದವು. 2024ರ ವಾರ್ಷಿಕ ಸರಾಸರಿ 420ನ್ನು ದಾಟಿದೆ. ಆ ರೇಖೆ ಗರಗಸದ ಹಲ್ಲುಗಳಂತೆ ಏರಿಳಿಯುತ್ತಲೇ ಒಟ್ಟಾರೆ ಮೇಲಕ್ಕೆ ಸಾಗುತ್ತದೆ. ಏರಿಳಿತ ಜೀವಿಗಳದು: ಉತ್ತರ ಗೋಳಾರ್ಧದಲ್ಲಿ ನೆಲ ಹೆಚ್ಚು, ಸಸ್ಯಗಳೂ ಹೆಚ್ಚು, ಅಲ್ಲಿನ ಬೇಸಿಗೆಯಲ್ಲಿ ಅವು ಇಂಗಾಲವನ್ನು ಹೀರಿಕೊಳ್ಳುತ್ತವೆ, ಚಳಿಗಾಲದಲ್ಲಿ ಉಸಿರಾಟ ಮತ್ತು ಕೊಳೆಯುವಿಕೆಯಿಂದ ಅದು ಗಾಳಿಗೆ ಮರಳುತ್ತದೆ. ಒಟ್ಟಾರೆ ಏರಿಕೆಯ ಮುಖ್ಯ ಮೂಲವೇ ಬೇರೆ. ಕೋಟ್ಯಂತರ ವರ್ಷ ಚಕ್ರದಿಂದ ಹೊರಗೆ, ನೆಲದಡಿ ಉಳಿದಿದ್ದ ಇಂಗಾಲವನ್ನು ನಾವು ಕಲ್ಲಿದ್ದಲು, ತೈಲ, ಅನಿಲಗಳ ರೂಪದಲ್ಲಿ ಸುಡುತ್ತಿದ್ದೇವೆ. ಇದಕ್ಕೆ ರಾಸಾಯನಿಕ ಪುರಾವೆಯೂ ಇದೆ. ಇಂಗಾಲದ ವಿಕಿರಣಶೀಲ ರೂಪವಾದ ಕಾರ್ಬನ್-14ರ ಅರ್ಧಾಯುಷ್ಯ, ಅಂದರೆ ಅದರ ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ, ಸುಮಾರು 5,730 ವರ್ಷ. ಅಷ್ಟು ಹಳೆಯ ಇಂಧನದಲ್ಲಿ ಅದು ಉಳಿದಿರುವುದೇ ಇಲ್ಲ, ಹಾಗಾಗಿ ಇಂಧನ ಸುಟ್ಟಷ್ಟೂ ವಾಯುವಿನ ಇಂಗಾಲದಲ್ಲಿ ಕಾರ್ಬನ್-14ರ ಪಾಲು ತೆಳುವಾಗುತ್ತದೆ.